ತಾತಗುಣಿಯ ಬಣ್ಣ, ರಾಮನಗರದ ಬಂಡೆ

ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ದಶಕಗಳ ಕಾಲ ನೆಲೆಸಿದ್ದ ರಷ್ಯನ್ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ (1904–1993) ಕಲೆಯ ಬಗ್ಗೆ ಆಡಿದ ಮಾತುಗಳು ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ಲುತ್ತವೆ: ಚೆಲುವನ್ನು ಅರಸುವವನು ದಿನದಿನಕ್ಕೂ ಉತ್ತಮನಾಗುತ್ತಾನೆ, ಆ ಚೆಲುವನ್ನು ಕಲಿಸುವುದು ನಿಸರ್ಗ. ಒಪ್ಪುವುದು ಸುಲಭ, ತೊಡಕಿರುವುದೂ ಅಲ್ಲೇ. ಯಾರೂ ತಕರಾರು ತೆಗೆಯದ ಮಾತು ಕುಂಚಕ್ಕೆ ಎಷ್ಟು ಕೆಲಸ ಕೊಟ್ಟೀತು? ಅವರ ವಿಚಾರವನ್ನು ಕರ್ನಾಟಕ ಚಿತ್ರಕಲಾ ಪರಿಷತ್ತಿನ ಗ್ಯಾಲರಿಯಲ್ಲಿ ನಿಂತು ತೂಗುವುದೇ ಸರಿ.

ಅಲ್ಲಿ ತಂದೆ ನಿಕೊಲಾಯ್ ರೋರಿಕ್‌ರ ಹಿಮಾಲಯವೂ ಇದೆ. ಮಗನೂ ಕುಲ್ಲು ಕಣಿವೆಯ ನಗ್ಗರದಲ್ಲಿ ವರ್ಷಗಟ್ಟಲೆ ಅದೇ ಶಿಖರಗಳನ್ನು ಬರೆದವರು. 1945ರಲ್ಲಿ ನಟಿ ದೇವಿಕಾರಾಣಿಯವರನ್ನು ಮದುವೆಯಾಗಿ, ಆಮೇಲೆ ದಕ್ಷಿಣಕ್ಕೆ ಬಂದರು. ನೆಲ ಬದಲಾಯಿತು, ಬೆಳಕು ಬದಲಾಗಲಿಲ್ಲ. ದಕ್ಷಿಣದ ಚಿತ್ರಗಳಲ್ಲೂ ಹಳದಿ ಆಕಾಶ, ನೇರಳೆ ಗುಡ್ಡ, ಕೆಂಡದಂಥ ಮಣ್ಣು. ಸಂಜೆ ಹಿಮಶಿಖರ ಒಳಗಿನಿಂದಲೇ ಉರಿದಂತೆ ಇಲ್ಲಿನ ಗುಡ್ಡಗಳೂ ಉರಿಯುತ್ತವೆ. ರಾಮನಗರದ ರಾಮದೇವರಬೆಟ್ಟವನ್ನೋ ಮಾಗಡಿಯ ಸಾವನದುರ್ಗವನ್ನೋ ನಡುಹಗಲಲ್ಲಿ ಕಂಡವರಿಗೆ ಗೊತ್ತು: ಸುಮಾರು 250 ಕೋಟಿ ವರ್ಷ ಹಳೆಯ ಈ ಬಂಡೆ ಹೊಳೆಯುವುದಿಲ್ಲ, ಕಾಯುತ್ತದೆ. ಅದರ ಬೂದಿಬಣ್ಣದಲ್ಲಿ ಎಷ್ಟು ಬಗೆ, ಮಳೆನೀರು ಇಳಿದು ಬಿದ್ದ ಕಪ್ಪು ಪಟ್ಟೆಗಳೆಷ್ಟು! ಆ ಬೂದಿ ರೋರಿಕ್‌ರಿಗೆ ಬೇಡವಾಗಿತ್ತು. (ಇಲ್ಲೇ ಚಿತ್ರೀಕರಣವಾದ 1975ರ ‘ಶೋಲೆ’ ಸಿನಿಮಾದ ಕ್ಯಾಮೆರಾ ಅದನ್ನು ಇವರಿಗಿಂತ ಚೆನ್ನಾಗಿ ನೋಡಿತು ಎಂದರೆ ಕಲಾವಲಯದ ಗೆಳೆಯರು ಮುನಿಯುತ್ತಾರೆ.)

ಆದರೂ ಕೆಲವು ಕಡೆ ಅವರು ಗೆಲ್ಲುತ್ತಾರೆ. ದುಡಿಯುವವರ ಬಾಗಿದ ಬೆನ್ನೂ ಗುಡ್ಡದ ಏರೂ ಒಂದೇ ಗೆರೆಯಲ್ಲಿ ಬಂದಾಗ ಆ ಅತಿ ಬಣ್ಣಕ್ಕೂ ಅರ್ಥ ಬರುತ್ತದೆ. ಬಿಸಿಲು ಮೈಮೇಲೆ ಬಿದ್ದಂತಾಗುತ್ತದೆ. ಅದೇ ಮನುಷ್ಯರು ಸಂಕೇತಗಳಾಗಿ ಕೈಯೆತ್ತಿ ನಿಂತರೋ, ಚಿತ್ರ ಉಪನ್ಯಾಸವಾಗುತ್ತದೆ.

ಇನ್ನು ಅವರು ಬದುಕಿದ ‘ನಿಸರ್ಗ’. ತಾತಗುಣಿಯ 468 ಎಕರೆ ಋಷ್ಯಾಶ್ರಮವೇನೂ ಆಗಿರಲಿಲ್ಲ. ಸುಗಂಧತೈಲಕ್ಕಾಗಿ ಮೆಕ್ಸಿಕೊ ಮೂಲದ ಲಿನಾಲೋ ಮರಗಳನ್ನು ಬೆಳೆಸಿದ ತೋಟ ಅದು. ಇದನ್ನು ಕಪಟವೆನ್ನಲಾರೆ. ಆದರೆ ಮನಸ್ಸನ್ನು ತೊಳೆಯುವ ಕಾಡಿಗೂ ಆಳುಕಾಳು, ಬೇಲಿ, ಪಹಣಿ ಬೇಕು ಎಂಬ ಸಂಗತಿ ಅವರ ಚಿಂತನೆಯೊಳಕ್ಕೆ ಬರಲೇ ಇಲ್ಲ. ದಂಪತಿ ತೀರಿಕೊಂಡ ಮೇಲೆ ಬಂದದ್ದು ಅದೇ: 1996ರಲ್ಲಿ ಎಸ್ಟೇಟನ್ನು ವಶಪಡಿಸಿಕೊಳ್ಳುವ ರಾಜ್ಯದ ಕಾಯ್ದೆ, ಅದನ್ನು ಎತ್ತಿಹಿಡಿದ 2011ರ ಸುಪ್ರೀಂ ಕೋರ್ಟ್ ತೀರ್ಪು.

ತೋಟದ ನಿಸರ್ಗ ಬಿಟ್ಟು ನಗರದ ಮಾತಿಗೆ ಬಂದರೆ ಚಿತ್ರಕಾರ ರುಮಾಲೆ ಚನ್ನಬಸವಯ್ಯ (1910–1988) ನೆನಪಾಗುತ್ತಾರೆ. ಸ್ವಾತಂತ್ರ್ಯ ಹೋರಾಟಗಾರ, ಪತ್ರಿಕೆಯವರು. ಬೆಂಗಳೂರಿನ ಹೂಬಿಟ್ಟ ಮರಗಳನ್ನು ಅವು ನಿಂತ ಜಾಗದಲ್ಲೇ ನಿಂತು ಬರೆದವರು. ಅವರಿಗೆ ನಿಸರ್ಗವೆಂದರೆ ಊರು ಬಿಟ್ಟು ಹೋಗುವ ಜಾಗವಲ್ಲ. ರೋರಿಕ್ ಬೆಂಗಳೂರಿನ ಅಂಚಿನಲ್ಲೇ ಇದ್ದರೂ ನಾನು ನೋಡಿದ ಅವರ ಚಿತ್ರಗಳಲ್ಲಿ ಬೆಂಗಳೂರಿಲ್ಲ. ಮೆಟ್ರೊ ಈಗ ಅದೇ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಯವರೆಗೆ ಬಂದಿದೆ. ರಾಮನಗರ ಜಿಲ್ಲೆಗೇ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಾಯಿತು. ಕಲ್ಲುಕ್ವಾರಿ, ಲೇಔಟು, ರೇಷ್ಮೆಗೂಡಿನ ಮಾರುಕಟ್ಟೆ, ರಣಹದ್ದಿನ ಬೆಟ್ಟ ಎಲ್ಲ ಒಂದೇ ಚೌಕಟ್ಟಿನಲ್ಲಿರುವ ಈ ಸೀಮೆಯನ್ನು ಬರೆಯಹೊರಟವರಿಗೆ ರೋರಿಕ್‌ರ ಹಳದಿಗಿಂತ ರುಮಾಲೆಯವರು ನಿಲ್ಲುತ್ತಿದ್ದ ಜಾಗವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.