ಬುರುಗಿನ ವಿರುದ್ಧ, ಬೂದಿಯ ಪರ

ಮನೆ ಶುಚಿಗೊಳಿಸುವ ನೈಸರ್ಗಿಕ ವಿಧಾನ ಎಂಬ ಹೆಸರಿನಲ್ಲಿ ಈಗ ಒಂದೇ ಒಂದು ಪಾಕ ಮೆರೆಯುತ್ತಿದೆ. ಅಡುಗೆ ಸೋಡಾ ಉದುರಿಸಿ, ಅದರ ಮೇಲೆ ವಿನೆಗರ್ ಸುರಿಯಿರಿ ಅಥವಾ ನಿಂಬೆಹಣ್ಣು ಹಿಂಡಿ, ಬುರುಗು ಎದ್ದಾಗ ಉಜ್ಜಿ. ಮಹಿಳಾ ಪುರವಣಿಗಳ ‘ಉಪಯುಕ್ತ ಸಲಹೆ’ಗಳಿಂದ ಹಿಡಿದು ಮೊಬೈಲಿನ ವಿಡಿಯೊಗಳವರೆಗೆ, ಸಿಂಕಿನ ಕೊಳವೆಗೂ ದೇವರ ದೀಪಕ್ಕೂ ಬಚ್ಚಲ ನೆಲಕ್ಕೂ ಇದೇ ಮದ್ದು. ಈ ಪಾಕಕ್ಕೆ ಸಿಕ್ಕಿರುವ ಕೀರ್ತಿ ಅದರ ಯೋಗ್ಯತೆಯನ್ನು ಮೀರಿದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಹುಣಸೆಹಣ್ಣು, ಬೂದಿ, ಅಂಟುವಾಳ, ಸೀಗೆಪುಡಿಗಳನ್ನು ಇಟ್ಟುಕೊಂಡು ನಮ್ಮ ಮನೆಗಳು ನಡೆಸಿಕೊಂಡು ಬಂದ ಮನೆವಾರ್ತೆಯ ವಿದ್ಯೆಗೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ ಎಂಬುದೂ ಅಷ್ಟೇ ಖಚಿತ. ಇವೆರಡೂ ಒಂದೇ ಜಾತಿಯವು, ಎರಡೂ ‘ನೈಸರ್ಗಿಕ’ ಎಂದು ಒಟ್ಟಿಗೆ ಕಟ್ಟಿ ಹೊಗಳುವವರು ಎರಡನ್ನೂ ಸರಿಯಾಗಿ ನೋಡಿಲ್ಲ.

ಮೊದಲು ಬುರುಗಿನ ವಿಚಾರ. ಸೋಡಾ ಕ್ಷಾರ, ವಿನೆಗರ್ ಆಮ್ಲ. ಕೂಡಿಸಿದ ಕೂಡಲೇ ಒಂದರ ಬಲವನ್ನು ಇನ್ನೊಂದು ಮುರಿಯುತ್ತದೆ. ಇಂಗಾಲದ ಡೈಆಕ್ಸೈಡ್ ಗುಳ್ಳೆಗಳಾಗಿ ಹಾರಿಹೋಗುತ್ತದೆ, ನೀರೂ ಸೋಡಿಯಂ ಅಸಿಟೇಟ್ ಎಂಬ ಲವಣವೂ ಉಳಿಯುತ್ತವೆ. ಲೆಕ್ಕ ಕಷ್ಟದ್ದಲ್ಲ. ಒಂದು ಸಣ್ಣ ಚಮಚದಷ್ಟು, ಅಂದರೆ 5 ಗ್ರಾಂ ಸೋಡಾಕ್ಕೆ ಅಂಗಡಿಯ ವಿನೆಗರ್, ಶೇ. 4ರಿಂದ 5ರಷ್ಟು ಆಮ್ಲವಿರುವಂಥದ್ದು, 70ರಿಂದ 90 ಮಿಲಿಲೀಟರ್ ಸೇರಿದರೆ ಎರಡೂ ಪೂರ್ತಿ ಮುಗಿದುಹೋಗುತ್ತವೆ. ಆಮೇಲೆ ಪಾತ್ರೆಯಲ್ಲಿರುವುದು ತೆಳ್ಳನೆಯ ಉಪ್ಪುನೀರು. ಜಿಡ್ಡು ಕರಗಿಸಲು ಕ್ಷಾರ ಬೇಕಿತ್ತು, ಅದು ಹೋಯಿತು. ಕಿಲುಬು ಬಿಡಿಸಲು ಆಮ್ಲ ಬೇಕಿತ್ತು, ಅದೂ ಹೋಯಿತು. ಗುಳ್ಳೆಗಳು ಸಡಿಲವಾದ ಕೊಳೆಯನ್ನು ಸ್ವಲ್ಪ ಅಲುಗಾಡಿಸಬಹುದು, ನಿಜ. ಆದರೆ ಕಟ್ಟಿಕೊಂಡ ಕೊಳವೆಯೊಳಗೆ ಅವು ಜಿಡ್ಡನ್ನು ಕೆಳಕ್ಕೆ ತಳ್ಳುವುದಿಲ್ಲ, ದಾರಿ ತೆರೆದಿರುವ ಮೇಲಕ್ಕೇ ಬರುತ್ತವೆ. ಉಜ್ಜಿದ ಕೈಯ ಬಲದಿಂದ, ಆಮೇಲೆ ಸುರಿದ ಬಿಸಿನೀರಿನಿಂದ ಆದ ಕೆಲಸದ ಶ್ರೇಯಸ್ಸು ಬುರುಗಿನ ಪಾಲಾಗಿದೆ.

ಸೋಡಾ ತನ್ನಷ್ಟಕ್ಕೆ ಒಳ್ಳೆಯದೇ. ಸ್ಟೀಲನ್ನು ಗೀರದ ಮೆತ್ತನೆಯ ಪುಡಿ, ಫ್ರಿಜ್ಜಿನ ವಾಸನೆಗೂ ಆದೀತು. ವಿನೆಗರ್ ಕೂಡ ತನ್ನಷ್ಟಕ್ಕೆ ಒಳ್ಳೆಯದು, ಬೋರ್‌ವೆಲ್ ನೀರು ನಲ್ಲಿಯ ಮೇಲೆ ಬಿಡುವ ಬಿಳಿ ಕರೆಯನ್ನು ಅದು ಚೆನ್ನಾಗಿ ಕರಗಿಸುತ್ತದೆ. ತಕರಾರು ಇರುವುದು ಬೆರಕೆಯ ಬಗ್ಗೆ. ಆ ಬೆರಕೆಯ ಚಾಳಿ ಬೆಳೆದು, ಬ್ಲೀಚಿಂಗ್ ಪುಡಿಗೂ ನಿಂಬೆಯನ್ನೋ ವಿನೆಗರನ್ನೋ ಹಾಕುವ ಮಟ್ಟಕ್ಕೆ ಹೋದರೆ ಹುಟ್ಟುವುದು ಕ್ಲೋರಿನ್ ಅನಿಲ. ಕಿಟಕಿಯಿಲ್ಲದ ಬಚ್ಚಲಿನಲ್ಲಿ ಅದು ಪುಪ್ಪಸಕ್ಕೆ ಅಪಾಯ.

ಈಗ ಹಳೆಯ ಪದ್ಧತಿಯ ಒಂದೇ ಒಂದು ಕೆಲಸವನ್ನು ತೆಗೆದುಕೊಂಡು ನಿಧಾನವಾಗಿ ನೋಡೋಣ: ಹಬ್ಬದ ಹಿಂದಿನ ದಿನ ಹಿತ್ತಾಳೆಯ ದೀಪದ ಕಂಬ ಬೆಳಗುವುದು.

ಬಲ್ಲವರು ಹುಣಸೆಹಣ್ಣಿಗೆ ನೇರ ಕೈ ಹಾಕುವುದಿಲ್ಲ. ದೀಪಕ್ಕೆ ಎಣ್ಣೆಯ ಜಿಡ್ಡು ಅಂಟಿರುತ್ತದೆ, ಬತ್ತಿಯ ಮಸಿ ಸೇರಿ ಅರಗಿನಂತೆ ಗಟ್ಟಿಯಾಗಿರುತ್ತದೆ. ಆ ಪದರವನ್ನು ದಾಟಿ ಆಮ್ಲ ಲೋಹವನ್ನು ಮುಟ್ಟಲಾರದು. ಆದ್ದರಿಂದ ಮೊದಲು ಬಿಸಿನೀರು, ಬೂದಿ ಅಥವಾ ಸೀಗೆಪುಡಿ, ತೆಂಗಿನ ನಾರು. ಸೌದೆಯ ಬೂದಿಯಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟ್ ನೀರು ತಗುಲಿದರೆ ಅಡುಗೆ ಸೋಡಾಕ್ಕಿಂತ ಬಹಳ ತೀಕ್ಷ್ಣವಾದ ಕ್ಷಾರ, ಎಣ್ಣೆಯ ಒಂದಂಶವನ್ನು ಅಲ್ಲೇ ಸಾಬೂನಾಗಿಸುತ್ತದೆ. ಜಿಡ್ಡು ಹೋದ ಮೇಲೆ ತೊಳೆದು, ಆಮೇಲೆ ಹುಣಸೆ. ಅದೂ ಸಾರಿಗೆ ಬಾರದ, ಕಪ್ಪಾದ ಹಳೆಯ ಹುಣಸೆ, ಜೊತೆಗೆ ಚಿಟಿಕೆ ಕಲ್ಲುಪ್ಪು. ನಾರು ಇರುವುದರಿಂದ ಹಣ್ಣೇ ಉಜ್ಜುವ ಬಟ್ಟೆಯೂ ಆಗುತ್ತದೆ, ರಸ ಸುರಿದುಹೋಗದೆ ಕೆತ್ತನೆಯ ಸಂದುಗಳಲ್ಲಿ ಅಂಟಿ ನಿಲ್ಲುತ್ತದೆ. ನೀರಿನಂತೆ ಹರಿದುಹೋಗುವ ವಿನೆಗರಿಗೆ ಈ ಗುಣವಿಲ್ಲ.

ಹುಣಸೆಯ ಹುಳಿ ಮುಖ್ಯವಾಗಿ ಟಾರ್ಟಾರಿಕ್ ಆಮ್ಲ. ಅದು ಕಿಲುಬನ್ನು ಕರಗಿಸುವುದಷ್ಟೇ ಅಲ್ಲ, ಕರಗಿದ ತಾಮ್ರವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಸಕ್ಕರೆಯ ಅಂಶ ಕಂಡುಹಿಡಿಯಲು ಬಳಸುವ ನೀಲಿ ಫೆಹ್ಲಿಂಗ್ ದ್ರಾವಣವನ್ನು ವಿಜ್ಞಾನ ಓದಿದವರು ಮರೆತಿರಲಾರರು. ಜರ್ಮನ್ ರಸಾಯನ ವಿಜ್ಞಾನಿ ಹರ್ಮನ್ ಫಾನ್ ಫೆಹ್ಲಿಂಗ್ 1849ರಲ್ಲಿ ಅದನ್ನು ರೂಪಿಸಿದಾಗ ಕ್ಷಾರದ ನಡುವೆಯೂ ತಾಮ್ರ ತಳಕ್ಕೆ ಕೂರದಂತೆ ಹಿಡಿದಿಡಲು ಬಳಸಿದ್ದು ಇದೇ ಆಮ್ಲದ ಲವಣವನ್ನು. ದೀಪದ ಕಂಬದ ಮೇಲೆ ನಡೆಯುವುದೂ ಇದೇ ಎಂಬುದು ನನ್ನ ವಾದ. ಯಾಕೆಂದರೆ ಹುಣಸೆಯ ನಂತರ ಬರುವುದು ಮತ್ತೆ ಬೂದಿ. ವಿನೆಗರಿನಲ್ಲಿ ಉಜ್ಜಿ ಆಮೇಲೆ ಕ್ಷಾರ ತಾಗಿಸಿದರೆ ಕರಗಿದ ತಾಮ್ರ ಹಸಿರು-ನೀಲಿ ಗಸಿಯಾಗಿ ಮತ್ತೆ ಮೈಗೆ ಕೂರುವ ಸಂಭವ ಹೆಚ್ಚು, ಹುಣಸೆಯಲ್ಲಿ ಅದು ನೀರಿನೊಂದಿಗೆ ಹೋಗುತ್ತದೆ.

ಎರಡನೆಯ ಸಲದ ಬೂದಿಗೆ ಬೇರೆಯೇ ಕೆಲಸ. ಅದನ್ನು ವಸ್ತ್ರಗಾಳಿತ ಮಾಡಿರುತ್ತಾರೆ. ಒರಟು ಬೂದಿ, ಅದರಲ್ಲೂ ಮರಳಿನ ಅಂಶವೇ ತುಂಬಿರುವ ಭತ್ತದ ಉಮಿಯ ಬೂದಿ, ಕಬ್ಬಿಣದ ಬಾಣಲೆಗೆ ಸರಿ, ಹಿತ್ತಾಳೆಯನ್ನು ಗೀರುತ್ತದೆ. ನುಣ್ಣಗಿನ ಬೂದಿ ಸಂದುಗಳಲ್ಲಿ ಉಳಿದ ಹುಳಿಯನ್ನು ಮುರಿಯುತ್ತದೆ, ಮೆರುಗನ್ನೂ ಕೊಡುತ್ತದೆ. ಹುಳಿ, ಉಪ್ಪು ಎರಡೂ ಉಳಿದ ಹಿತ್ತಾಳೆ ಬಹುಬೇಗ ಮತ್ತೆ ಕಪ್ಪಿಡುತ್ತದೆ. ಕೊನೆಗೆ ಧಾರಾಳ ನೀರು, ಒಣ ಬಟ್ಟೆ, ಬಿಸಿಲು. ನೀರಿನ ಹನಿ ಒಣಗಿದಲ್ಲಿ ಕಲೆ ನಿಲ್ಲುತ್ತದೆ ಎಂದು ಹಿರಿಯರು ಗದರುತ್ತಿದ್ದುದು ಸುಮ್ಮನೆ ಅಲ್ಲ. ಇನ್ನೊಂದು ಎಚ್ಚರವೂ ಈ ಕ್ರಮದೊಳಗೇ ಇದೆ. ಹಿತ್ತಾಳೆಗೆ ಹುಣಸೆ ಹಚ್ಚಿ ಬಹಳ ಹೊತ್ತು ಬಿಡಬಾರದು. ಬಿಟ್ಟರೆ ಹಳದಿ ಹೋಗಿ ನಸುಗೆಂಪು ಬರುತ್ತದೆ. ಮೇಲ್ಪದರದ ಸತು ಕರಗಿ ಬರೀ ತಾಮ್ರ ಉಳಿದಿದೆ ಎಂದು ಅದರ ಅರ್ಥ. ಬಣ್ಣ ನೋಡಿ ಕೈ ನಿಲ್ಲಿಸುವುದನ್ನು ಯಾವ ವಿಡಿಯೊವೂ ಹೇಳಿಕೊಡುವುದಿಲ್ಲ.

ಕ್ಷಾರವೂ ಆಮ್ಲವೂ ಎರಡು ಕಡೆಯೂ ಇವೆ ಎಂಬುದನ್ನು ಗಮನಿಸಬೇಕು. ಹೊಸ ಪಾಕ ಅವನ್ನು ಒಟ್ಟಿಗೆ ಸುರಿದು ವ್ಯರ್ಥ ಮಾಡುತ್ತದೆ. ಹಳೆಯ ಪದ್ಧತಿ ಅವನ್ನು ಒಂದರ ಹಿಂದೆ ಒಂದು ತಂದು, ನಡುವೆ ನೀರು ಹಾಕಿ, ಎರಡರಿಂದಲೂ ದುಡಿಸಿಕೊಳ್ಳುತ್ತದೆ. ಈ ಕ್ರಮಜ್ಞಾನವೇ ವಿದ್ಯೆ. ಸಾಮಗ್ರಿ ಯಾರ ಮನೆಯಲ್ಲಾದರೂ ಸಿಕ್ಕೀತು.

ಇಂಥದೇ ವಿವೇಕ ಮಿಕ್ಕ ಕೆಲಸಗಳಲ್ಲೂ ಇತ್ತು. ಹತ್ತಿಯ ಬಟ್ಟೆಯನ್ನು ಮಡಿವಾಳರು ಚೌಳುಮಣ್ಣಿನಲ್ಲಿ ಅದ್ದಿ ಉಬ್ಬೆಗೆ ಹಾಕುತ್ತಿದ್ದರು, ರೇಷ್ಮೆಗೆ ಅದನ್ನು ಮುಟ್ಟಿಸುತ್ತಿರಲಿಲ್ಲ. ರೇಷ್ಮೆಗೆ ಅಂಟುವಾಳ. ಪ್ರೋಟೀನಿನಿಂದಾದ ರೇಷ್ಮೆಯ ಎಳೆಯನ್ನು ಕ್ಷಾರ ತಿನ್ನುತ್ತದೆ, ಅಂಟುವಾಳದ ಸಿಪ್ಪೆಯ ಸಪೋನಿನ್ ಕ್ಷಾರವಿಲ್ಲದೆಯೇ ನೊರೆ ಕೊಡುತ್ತದೆ. 1916ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸಂಸ್ಥಾನದ ಸಾಬೂನು ಕಾರ್ಖಾನೆ ಶುರುವಾದ ಮೇಲೂ ಎಷ್ಟೋ ಮನೆಗಳ ರೇಷ್ಮೆ ಸೀರೆ, ಅಕ್ಕಸಾಲಿಗರ ಒಡವೆ ಅಂಟುವಾಳವನ್ನು ಬಿಡಲಿಲ್ಲ. ಕೋಲಾರದ ಕಡೆಯ ಗಡಸು ನೀರಿನಲ್ಲಿ ಸಾಬೂನು ಸುಣ್ಣದಂಶದೊಡನೆ ಸೇರಿ ಗಸಿಯಾಗುತ್ತದೆ, ಅಂಟುವಾಳಕ್ಕೆ ಆ ತೊಂದರೆ ಕಡಿಮೆ. ಕುಕ್ಕರಿನ ತಳದ ನೀರಿಗೆ ಹಿಂಡಿದ ನಿಂಬೆಯ ಸಿಪ್ಪೆ ಹಾಕಿ ಅಲ್ಯೂಮಿನಿಯಂ ಕಪ್ಪಾಗದಂತೆ ನೋಡಿಕೊಳ್ಳುವುದು ಇದೇ ಬುದ್ಧಿಯ ಇತ್ತೀಚಿನ ಫಲ.

ನಿಂಬೆ-ವಿನೆಗರ್ ಪ್ರಚಾರಕರ ದೊಡ್ಡ ಅಪರಾಧ ನೆಲದ ವಿಷಯದಲ್ಲಿ ಆಗುತ್ತಿದೆ. ಉತ್ತರ ಕರ್ನಾಟಕದ ಅಸಂಖ್ಯ ಮನೆಗಳ ನೆಲ ಶಹಾಬಾದಿನ ಫರಸಿ. ಕಲಬುರಗಿ ಸೀಮೆಯ ಆ ಕಲ್ಲು ಸುಣ್ಣದ ಕಲ್ಲು. ಅಡುಗೆಮನೆಯ ಕಟ್ಟೆಗೆ ಹಾಕುವ ಕರಿ ಕಡಪ ಕಲ್ಲೂ ಸುಣ್ಣದ ಕಲ್ಲೇ, ಅಮೃತಶಿಲೆಯದೂ ಅದೇ ಕುಲ. ಇವುಗಳ ಮೇಲೆ ಹುಳಿ ಸುರಿದರೆ ಏಳುವ ಬುರುಗು ಕಲ್ಲೇ ಕರಗುತ್ತಿರುವುದರ ಗುರುತು. ಮೆರುಗು ಹೋಗಿ ಮಂಕು ಕಲೆ ಉಳಿಯುತ್ತದೆ, ಮತ್ತೆ ಪಾಲಿಶ್ ಹೊಡೆಸದೆ ಹೋಗುವುದಿಲ್ಲ. ‘ಎಲ್ಲ ನೆಲಕ್ಕೂ’ ಎಂದು ಬರೆಯುವವರಿಗೆ ಓದುಗರ ಮನೆಯ ನೆಲ ಯಾವ ಕಲ್ಲಿನದು ಎಂಬ ಚಿಂತೆಯೇ ಇಲ್ಲ.

ಥಾಯ್ಲೆಂಡಿನ ರೋಸುಕೋನ್ ಪೂಮ್‌ಪನ್‌ವಾಂಗ್ ಅವರ ಹೆಸರಿನೊಂದಿಗೆ ಪ್ರಸಿದ್ಧವಾದ, ಈಗ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಜನಪ್ರಿಯವಾಗಿರುವ ‘ಬಯೋ ಎಂಜೈಮ್’ಗೂ ಈ ಮಾತು ಅನ್ವಯಿಸುತ್ತದೆ. ಬೆಲ್ಲ ಒಂದು ಪಾಲು, ಹಣ್ಣಿನ ಸಿಪ್ಪೆ ಮೂರು, ನೀರು ಹತ್ತು, ಮೂರು ತಿಂಗಳು ಹುದುಗಿಸಬೇಕು. ಕಸ ಕಡಿಮೆಯಾಗುತ್ತದೆ, ಅದು ದೊಡ್ಡ ಲಾಭವೇ. ಆದರೆ ಮೂರು ತಿಂಗಳ ಕೊನೆಗೆ ಸಿಗುವುದು ಬಹುಪಾಲು ತೆಳು ವಿನೆಗರ್. ಅದನ್ನು ವಿನೆಗರ್ ಎಂದೇ ತಿಳಿದು, ಹುಳಿ ತಡೆಯುವ ಕಡೆ ಮಾತ್ರ ಬಳಸಬೇಕು.

ಇನ್ನು ಇತರ ವಿಮರ್ಶಕರ ಜೊತೆ ನನಗಿರುವ ಜಗಳ. ಇವರಲ್ಲಿ ಎರಡು ಪಂಗಡ.

ಮೊದಲನೆಯವರಿಗೆ ಪೂರ್ವಿಕರು ಮಾಡಿದ್ದೆಲ್ಲ ವಿಜ್ಞಾನ. ಸಗಣಿ ಸಾರಿಸಿದರೆ ರೋಗಾಣು ಸಾಯುತ್ತವೆ, ಬೂದಿಯಲ್ಲಿ ತೊಳೆದರೆ ಸಾಬೂನೇ ಬೇಡ ಎನ್ನುತ್ತಾರೆ. ಸಗಣಿ ಮಣ್ಣಿನ ನೆಲದ ಧೂಳನ್ನು ಕೂರಿಸುತ್ತದೆ, ಬಿರುಕು ಮುಚ್ಚುತ್ತದೆ. ಅಷ್ಟಕ್ಕೆ ಅದು ಶ್ರೇಷ್ಠ. ಆದರೆ ಧನುರ್ವಾಯುವಿನ ಬೀಜಾಣುಗಳು ಸಗಣಿಯಲ್ಲೂ ಇರುತ್ತವೆ, ಗಾಯದ ಹತ್ತಿರ ಅದನ್ನು ಸುಳಿಯಗೊಡಬಾರದು. ಕೋವಿಡ್ ಕಾಲದಲ್ಲಿ, 2020ರಲ್ಲಿ, ಬೂದಿಯಿಂದ ಕೈ ತೊಳೆಯುವುದರ ಬಗ್ಗೆ ಲಭ್ಯವಿದ್ದ ಅಧ್ಯಯನಗಳನ್ನೆಲ್ಲ ಕಾಕ್ರೇನ್ ಸಂಸ್ಥೆ ಪರಿಶೀಲಿಸಿತು. ಅದರಿಂದ ಸೋಂಕು ತಡೆಯಬಹುದೇ ಎಂದು ಖಚಿತವಾಗಿ ಹೇಳಲು ಸಾಕಷ್ಟು ಆಧಾರವಿಲ್ಲ ಎಂಬುದೇ ಅದರ ತೀರ್ಮಾನ. ಪಾತ್ರೆಯ ಜಿಡ್ಡಿಗೆ ಹೇಳಿದ ಮಾತನ್ನು ಕೈಯ ಸೋಂಕಿಗೆ ಹೊರಿಸುವುದು ಆ ವಿದ್ಯೆಗೇ ಮಾಡುವ ಅವಮಾನ. ನೈಸರ್ಗಿಕವಾದದ್ದು ನಿರಪಾಯ ಎಂಬ ನಂಬಿಕೆಯೂ ಹಾಗೆಯೇ. ಅಂಟುವಾಳದ ನೀರು ಕಣ್ಣಿಗೆ ಬಿದ್ದವರಿಗೆ ಅದರ ಉರಿ ಗೊತ್ತು, ಕೆರೆಗೆ ಹೆಚ್ಚು ಸೇರಿದರೆ ಮೀನು ಸಾಯುತ್ತವೆ.

ಎರಡನೆಯವರು ನನ್ನ ಆಪ್ತ ವಲಯದವರು, ಹಾಗಾಗಿ ಜಗಳ ಹೆಚ್ಚು. ಬೂದಿ-ಹುಣಸೆಯನ್ನು ಹೊಗಳುವುದೆಂದರೆ ಹೆಂಗಸರ ಬವಣೆಯನ್ನು ಹೊಗಳಿದಂತೆ ಎಂದು ಅವರು ಬರೆಯುತ್ತಾರೆ. ಅವರ ಸಿಟ್ಟಿಗೆ ಕಾರಣವಿದೆ. ಬೂದಿಯ ಕ್ಷಾರ ಬೆರಳ ಸಂದುಗಳನ್ನು ಒಡೆಯುತ್ತದೆ. ಹಿತ್ತಲ ಬಾವಿಯಿಂದ ನೀರು ಸೇದಿ, ಕುಕ್ಕರುಗಾಲಲ್ಲಿ ಕೂತು, ಕೂಡುಕುಟುಂಬದ ಮುಸುರೆಯನ್ನೆಲ್ಲ ತಿಕ್ಕಿದವರು ಹೆಂಗಸರೇ. ಉಳ್ಳವರ ಮನೆಗಳಲ್ಲಂತೂ ತಿಕ್ಕಿದವರು ಇನ್ನೊಂದು ಕೇರಿಯಿಂದ ಬಂದ ಹೆಂಗಸರು, ಅವರು ಬೆಳಗಿದ ತಂಬಿಗೆಗೆ ಮತ್ತೆ ನೀರು ಚಿಮುಕಿಸಿ ಒಳಗೆ ತೆಗೆದುಕೊಂಡ ಮನೆಗಳೂ ಇದ್ದವು. ಇದನ್ನು ಮರೆತು ಬರೆದ ಹೊಗಳಿಕೆ ಸುಳ್ಳು ಹೊಗಳಿಕೆ.

ಆದರೆ ಈ ವಿಮರ್ಶಕರು ಇಲ್ಲಿಂದ ಮುಂದೆ ಒಂದು ಹೆಜ್ಜೆ ಇಡುತ್ತಾರೆ, ಅದನ್ನು ನಾನು ಒಪ್ಪಲಾರೆ. ಅಲ್ಲಿ ಇದ್ದದ್ದು ದುಡಿಮೆ ಮಾತ್ರ, ತಿಳಿವಳಿಕೆ ಏನೂ ಇಲ್ಲ ಎಂಬುದು ಅವರ ತೀರ್ಪು. ನೇಕಾರನ ಮಗ್ಗದಲ್ಲಿ, ಕುಂಬಾರನ ಆವಿಗೆಯಲ್ಲಿ ಜ್ಞಾನ ಕಾಣುವ ಇದೇ ಬರಹಗಾರರಿಗೆ ಮುಸುರೆ ಕಟ್ಟೆಯ ಮೇಲೆ ಮಾತ್ರ ಅದು ಕಾಣುವುದಿಲ್ಲ. ಯಾವ ಕೊಳೆಗೆ ಕ್ಷಾರ, ಯಾವ ಲೋಹಕ್ಕೆ ಹುಳಿ, ಯಾವ ಬಟ್ಟೆಗೆ ಎರಡೂ ಬೇಡ, ಬಣ್ಣ ಎಲ್ಲಿಗೆ ಬಂದಾಗ ಕೈ ನಿಲ್ಲಬೇಕು ಎಂದು ಬಲ್ಲವಳನ್ನು ಬರೀ ಕೂಲಿ ಎಂದು ಎಣಿಸಿದರೆ, ಅವಳಿಗೆ ಸಂಬಳ ಕೊಡದೆ ಮಾಡಿದ ಅನ್ಯಾಯದ ಮೇಲೆ ಇನ್ನೊಂದು ಅನ್ಯಾಯ ಮಾಡಿದ ಹಾಗೆ. ಅವಳ ಕೆಲಸ ತಪ್ಪಬೇಕು, ಅವಳ ತಿಳಿವಳಿಕೆ ಉಳಿಯಬೇಕು. ಇವೆರಡನ್ನೂ ಒಟ್ಟಿಗೆ ಬಯಸುವುದರಲ್ಲಿ ನನಗೆ ಯಾವ ವಿರೋಧಾಭಾಸವೂ ಕಾಣದು.

ಹಳೆಯದಕ್ಕೆ ಮಿತಿಗಳಿವೆ. ಅಲ್ಯೂಮಿನಿಯಂ ಪಾತ್ರೆಗೆ ಬೂದಿಯ ಕ್ಷಾರ ಹಾಳು. ಪಂಚಲೋಹದ ಹಳೆಯ ವಿಗ್ರಹಗಳಿಗೆ ಹುಣಸೆ-ಉಪ್ಪು ಖಂಡಿತ ಬೇಡ. ಕ್ಲೋರೈಡ್ ಒಳಹೊಕ್ಕರೆ ಲೋಹ ಒಳಗಿಂದಲೇ ಕೊಳೆಯುತ್ತ ಹೋಗುತ್ತದೆ, ತಲೆಮಾರುಗಳ ಉಜ್ಜುವಿಕೆಗೆ ವಿಗ್ರಹದ ಕಣ್ಣು ಮೂಗು ಸವೆಯುತ್ತವೆ. ಇನ್ನು, ಬೂದಿಯೇ ಈಗ ಎಲ್ಲಿದೆ? ಬಚ್ಚಲ ಒಲೆ ಹೋಗಿ ಗೀಸರ್ ಬಂತು, ಸೌದೆ ಹೋಗಿ ಸಿಲಿಂಡರ್ ಬಂತು. ಹೊಗೆಯಿಂದ ಕಣ್ಣು, ಎದೆ ಉಳಿದವು, ಆ ಬಗ್ಗೆ ಸಂತೋಷಪಡಬೇಕು. ಆನ್‌ಲೈನ್ ಅಂಗಡಿಯಿಂದ ಪೊಟ್ಟಣದ ಬೂದಿ ತರಿಸುವ ಅಗತ್ಯವಿಲ್ಲ. ಕಿರಾಣಿ ಅಂಗಡಿಯ ಬಟ್ಟೆ ಸೋಡಾ ಬೂದಿಯ ಹತ್ತಿರದ ಬಂಧು. ಜಿಡ್ಡಿಗೆ ಅದನ್ನು ಬಿಸಿನೀರಿನಲ್ಲಿ ಕರಗಿಸಿ, ಕೈಗವಸು ಹಾಕಿಕೊಂಡು ಬಳಸಬಹುದು. ಹಿತ್ತಾಳೆಯ ಮೆರುಗಿಗೆ ನುಣ್ಣನೆಯ ರಂಗೋಲಿ ಪುಡಿ ಸಾಕು. ಸಾಮಗ್ರಿ ಬದಲಾದರೂ ಕ್ರಮ ಬದಲಾಗಬೇಕಿಲ್ಲ.

ಶುಚಿತ್ವದ ಬಗ್ಗೆ ಅಂಕಣ ಬರೆಯುವವರಲ್ಲಿ, ವಿಡಿಯೊ ಮಾಡುವವರಲ್ಲಿ ನನ್ನದೊಂದು ಕೋರಿಕೆ. ಪ್ರತಿ ಸಲಹೆಯ ಜೊತೆಗೂ ಇಷ್ಟನ್ನು ಬರೆಯಿರಿ: ಯಾವ ಕೊಳೆ, ಯಾವ ಲೋಹ ಅಥವಾ ಕಲ್ಲು, ಮೊದಲು ಯಾವುದು, ಆಮೇಲೆ ಯಾವುದು, ಎಷ್ಟು ಹೊತ್ತು. ಬರೆಯುವ ಮೊದಲು ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯುವಾಕೆಯನ್ನು ಒಂದು ಮಾತು ಕೇಳಿ, ಆಕೆ ಹೇಳಿದ್ದನ್ನು ಆಕೆಯ ಹೆಸರಿನಲ್ಲೇ ಅಚ್ಚು ಮಾಡಿ.