9 ಹೊಡೆದ ಮೇಲೆ ಉಳಿಯುವುದು

ಲಿನಕ್ಸ್ ಬಳಸುವವರ ಬೆರಳಿಗೆ ಬಹುಬೇಗ ಅಂಟಿಕೊಳ್ಳುವ ಆಜ್ಞೆ ‘ಕಿಲ್ -9’. ಪ್ರೋಗ್ರಾಮು ಕೊಂಚ ತಡಮಾಡಿದರೆ ಸಾಕು, ಹೊಡೆದೇಬಿಡುತ್ತಾರೆ. ನನಗೆ ಈ ಆತುರ ಸಹಿಸಲಾಗುವುದಿಲ್ಲ. ಬರಿಯ ‘ಕಿಲ್’ ಕೊಟ್ಟರೆ ಹೋಗುವುದು 15ನೇ ಸಿಗ್ನಲ್, ಸಿಗ್‌ಟರ್ಮ್. ಪ್ರೋಗ್ರಾಮು ಅದನ್ನು ಕೇಳಿಸಿಕೊಂಡು, ಕೈಯಲ್ಲಿದ್ದ ಬರಹ ಮುಗಿಸಿ ಹೊರಡಬಹುದು. 9ನೆಯದಾದ ಸಿಗ್‌ಕಿಲ್ ಅದರ ಕಿವಿಗೇ ಬೀಳುವುದಿಲ್ಲ. ಲಿನಕ್ಸಿನ ತಿರುಳಾದ ಕರ್ನಲ್ ನೇರವಾಗಿ ಮುಗಿಸುತ್ತದೆ.

ಹೀಗೆ 9 ಹೊಡೆದರೆ ಮೆಮೊರಿ ಸೋರಿಹೋಯಿತೆಂದು ಹೆದರಬೇಕಿಲ್ಲ. ಪ್ರೋಗ್ರಾಮಿನ ಸ್ವಂತ ಮೆಮೊರಿ, ತೆರೆದ ಫೈಲು, ನೆಟ್‌ವರ್ಕ್ ಸಂಪರ್ಕ ಎಲ್ಲವನ್ನೂ ಕರ್ನಲ್ಲೇ ವಾಪಸು ಪಡೆಯುತ್ತದೆ. ಕರ್ನಲ್‌ಗೆ ಒಪ್ಪಿಸಿಬಿಟ್ಟ ಬರಹವೂ ಉಳಿಯುತ್ತದೆ. ‘ಪ್ರಿಂಟ್‌ಎಫ್’ ಮಾಡಿದ್ದರೂ ಪ್ರೋಗ್ರಾಮಿನ ಬಫರ್‌ನಲ್ಲೇ ಕುಳಿತಿದ್ದ ಸಾಲುಗಳು ಮಾತ್ರ ಹೋದವೇ. ತಾತ್ಕಾಲಿಕ ಫೈಲುಗಳು, ಪ್ರೋಗ್ರಾಮುಗಳು ಹಂಚಿಕೊಳ್ಳುವ ಸಿಸ್ಟಮ್ ಫೈವ್ ಶೇರ್ಡ್ ಮೆಮೊರಿ ವಾರಸುದಾರರಿಲ್ಲದೆ ಬಿದ್ದಿರುತ್ತವೆ. ಎಲ್ಲಕ್ಕಿಂತ ಕಾಡುವುದು ಲಾಕ್ ಫೈಲು: ಸತ್ತ ಪ್ರೋಗ್ರಾಮು ಇನ್ನೂ ನಡೆಯುತ್ತಿದೆ ಎಂದು ಅದು ಸಾಕ್ಷಿ ಹೇಳುತ್ತಲೇ ಇರುತ್ತದೆ. ಫೈಲು ಇದೆಯೋ ಇಲ್ಲವೋ ಎಂಬುದನ್ನೇ ಬೀಗವೆಂದು ನಂಬುವ ಬದಲು ‘ಎಫ್‌ಲಾಕ್’ ಬಳಸಿದರೆ ಈ ಕಾಟವಿಲ್ಲ. ಪ್ರೋಗ್ರಾಮು ಸತ್ತೊಡನೆ ಕರ್ನಲ್ ಆ ಬೀಗ ತೆಗೆಯುತ್ತದೆ.

ಇಂಥ ಹಠಾತ್ ಸಾವಿನಿಂದ ಚೇತರಿಸಿಕೊಳ್ಳುವ ವಿಷಯದಲ್ಲಿ ನನಗೆ ಅತಿ ಮೆಚ್ಚಿನದು ಎಸ್‌ಕ್ಯೂಲೈಟ್. ರಿಚರ್ಡ್ ಹಿಪ್ 2000ರಲ್ಲಿ ಹೊರತಂದ ಈ ಪುಟ್ಟ ಡೇಟಾಬೇಸು ಮಾಮೂಲಿ ರೀತಿಯಲ್ಲಿ ಒಂದು ಪುಟವನ್ನು ತಿದ್ದುವ ಮುಂಚೆ ಹಳೆಯ ಪುಟವನ್ನು ಜರ್ನಲ್ ಫೈಲಿಗೆ ಬರೆದಿಡುತ್ತದೆ. ನಡುವೆ ಪ್ರೋಗ್ರಾಮು ಸತ್ತರೆ, ಮುಂದೆ ಡೇಟಾಬೇಸು ತೆರೆಯುವ ಪ್ರೋಗ್ರಾಮು ಆ ಜರ್ನಲ್ ಕಂಡು ಹಳೆಯ ಪುಟಗಳನ್ನು ಮರಳಿ ಕೂರಿಸುತ್ತದೆ. ಯಾರೂ ರಿಪೇರಿಗೆ ಕೂರಬೇಕಿಲ್ಲ. ಎಂಥ ಸೊಗಸಾದ ಯೋಚನೆ! ಜಾರ್ಜ್ ಕ್ಯಾಂಡಿಯಾ ಮತ್ತು ಅರ್ಮಾಂಡೊ ಫಾಕ್ಸ್ 2003ರ ಪ್ರಬಂಧವೊಂದರಲ್ಲಿ ಇನ್ನೂ ಮುಂದೆ ಹೋದರು: ನಿಲ್ಲಲು ಕ್ರ್ಯಾಶ್ ಒಂದೇ ದಾರಿ, ಶುರುವಾಗಲು ಚೇತರಿಕೆ ಒಂದೇ ದಾರಿ ಇರಲಿ ಎಂದರು. ಪ್ರೋಗ್ರಾಮು ಬರೆಯುವವರಿಗೆ ಇದು ಒಳ್ಳೆಯ ಶಿಸ್ತು. ಬಳಸುವವರು ಇದನ್ನೇ ನೆಪ ಮಾಡಿಕೊಂಡು 9 ಹೊಡೆಯಬಾರದು. ಪ್ರೋಗ್ರಾಮುಗಳನ್ನು ಕಂಟೇನರ್‌ಗಳಲ್ಲಿ ನಡೆಸುವ ಡಾಕರ್ ಕೂಡ ‘ಸ್ಟಾಪ್’ ಅಂದಾಗ ಸಾಮಾನ್ಯವಾಗಿ ಮೊದಲು 15 ಕಳಿಸಿ, 10 ಸೆಕೆಂಡು ಕಾದು, ಆಮೇಲೆ 9 ಕಳಿಸುತ್ತದೆ.

ಆದರೆ ಮೆಮೊರಿ ಮುಗಿದಾಗ ಪ್ರೋಗ್ರಾಮನ್ನು ಕೊಲ್ಲುವ ಲಿನಕ್ಸಿನ ಓಓಎಂ ಕಿಲ್ಲರ್ ಇಂಥ ಸಮಯ ಕೊಡುವುದಿಲ್ಲ. ಕರೆಂಟು ಹೋಗುವಾಗಂತೂ ಕೇಳುವುದೇ ಬೇಡ. ಹೊರಡುವ ಹೊತ್ತಿನ ಸ್ವಚ್ಛತೆಯನ್ನೇ ನೆಚ್ಚಿದ ಪ್ರೋಗ್ರಾಮು ಅಲ್ಲಿ ಸೋಲುತ್ತದೆ. ನೀವು ಬರೆದದ್ದು ಹೇಗಿದೆ ಎಂದು ತಿಳಿಯಬೇಕೆ? ಅದು ಫೈಲಿಗೆ ಬರೆಯುತ್ತಿರುವ ನಡುವೆಯೇ 9 ಕಳಿಸಿ, ಮತ್ತೆ ಚಾಲೂ ಮಾಡಿ, ಫೈಲು ತೆರೆದು ನೋಡಿ.