ಒರಟು ಮೈಯ .315

ಕಬ್ಬಿಗೆ ಹಂದಿ ಹೊಕ್ಕ ವರ್ಷ ಮನೋಳಿ ಸೀಮೆಯ ರೈತರು ಕೇಳುವುದು ಒಂದೇ ಮಾತು: ಯಾವ ರೈಫಲ್ ತಗೊಳ್ಳೂಣ್ರಿ? ನನ್ನ ಉತ್ತರವೂ ಒಂದೇ, ಇಶಾಪುರ ಕಾರ್ಖಾನೆಯ .315. ನೋಡಲಿಕ್ಕೆ ಒರಟು, ಕಟ್ಟಿಗೆಗೆ ಹೊಳಪಿಲ್ಲ, ಉಕ್ಕಿನ ಮೇಲೆ ಅರದ ಗೆರೆ ಹಾಗೇ ಉಳಿದಿರುತ್ತದೆ. ಆದರೆ ಒಳಗಿರುವುದು ಎರಡು ಮಹಾಯುದ್ಧ ಕಂಡ ಲೀ-ಎನ್‌ಫೀಲ್ಡ್ ಮಾದರಿಯ ಬೋಲ್ಟ್. ಹೆಚ್ಚಿನ ಮಾಸರ್‌ಗಳಲ್ಲಿ ಬೋಲ್ಟ್ ಎತ್ತುವಾಗ ಸ್ಪ್ರಿಂಗ್ ಬಿಗಿಯುತ್ತದೆ, ಇದರಲ್ಲಿ ಮುಂದೆ ತಳ್ಳುವಾಗ. ಎತ್ತುವ ಕೈಗೆ ಭಾರವಿಲ್ಲ, ಎರಡನೇ ಗುಂಡು ಬೇಗ.

.315 ಅಳತೆ ಹುಟ್ಟಿದ್ದು ಬ್ರಿಟಿಷರ ಅಂಜಿಕೆಯಿಂದ. ಪಲ್ಟನ್ನಿನ .303 ಕಾಡತೂಸು ಜನರಿಗೆ ದಕ್ಕಬಾರದೆಂದು ಆ ಅಳತೆಯನ್ನೇ ಖಾಸಗಿಯವರಿಗೆ ತಡೆದರು; ಬಿಎಸ್‌ಎ ಕಂಪನಿ ಅದೇ ರೈಫಲ್ಲಿಗೆ ಆಸ್ಟ್ರಿಯಾದ ಮಾನ್‌ಲಿಕರ್ ಕಾಡತೂಸಿನ 8 ಮಿ.ಮೀ. ನಳಿಗೆ ಕೂಡಿಸಿ ಮಾರಿತು. 1824ರಲ್ಲಿ ಕಿತ್ತೂರಿನೆದುರು ಬ್ರಿಟಿಷ್ ಅಧಿಕಾರಿ ಥ್ಯಾಕರೆ, 1858ರಲ್ಲಿ ರಾಮದುರ್ಗದ ಸುರೇಬಾನದಲ್ಲಿ ಇನ್ನೊಬ್ಬ ಅಧಿಕಾರಿ ಮ್ಯಾನ್ಸನ್ ಸತ್ತ ನೆಲ ನಮ್ಮದು. ಆ ಅಂಜಿಕೆ ಸುಳ್ಳೇನಲ್ಲ ಬಿಡಿ.

ನೂರು ಗಜಕ್ಕೆ, ದುರ್ಬೀನಿಲ್ಲದೆ, ಮೂರ್ನಾಲ್ಕು ಇಂಚಿನೊಳಗೆ ಗುಂಡುಗಳು ಕೂತರೆ ನನಗೆ ತೃಪ್ತಿ. ಕಬ್ಬಿನ ಬದುವಿನಲ್ಲಿ ಅಷ್ಟು ದೂರವೂ ಕಾಣುವುದಿಲ್ಲ. ಖಾಸಗಿ ಆಮದು 1980ರ ದಶಕದ ನಡುವಿನಿಂದ ಮುಚ್ಚಿದ್ದಕ್ಕೆ ಅಜ್ಜನ ಕಾಲದ ಮಾಸರ್, ಬ್ರನೋಗಳಿಗೆ ಈಗ ಹೊಲದ ರೇಟು. ಆ ದುಡ್ಡು ಹೋಗುವುದು ಅಪರೂಪಕ್ಕೆ, ಗುರಿಗಲ್ಲ.

ಹಳೆಯದನ್ನು ಕೊಳ್ಳುವವರು ಮೊದಲು ಮ್ಯಾಗಜಿನ್ ತೆಗೆಯಿರಿ, ಕೋಠಿ ಖಾಲಿಯೇ ನೋಡಿರಿ. ಆಮೇಲೆ ಬೋಲ್ಟ್ ಕಳಚಿ, ನಳಿಗೆಯ ಹಿಂಬದಿಗೆ ಬಿಳಿ ಕಾಗದ ಹಿಡಿದು ಮೂತಿಯಿಂದ ಕಣ್ಣಾಡಿಸಿರಿ. ಸುರುಳಿ ಗೀರುಗಳ ಅಂಚು ಚೂಪಾಗಿರಬೇಕು. ಜಂಗಿನ ಕಪ್ಪು ಕುಳಿಗಳಿದ್ದರೆ ಸುಮ್ಮನೆ ಎದ್ದು ಬನ್ನಿ. ಮೂತಿಯ ಅಂಚಿಗೆ ಪೆಟ್ಟು ಬಿದ್ದಿದ್ದರೂ ಗುಂಡು ಓರೆ. ಬೋಲ್ಟಿನ ನಂಬರೂ ಮೈ ನಂಬರೂ ಬೇರೆಯಾಗಿದ್ದರೆ ಬಂದೂಕು ದುರಸ್ತಿಯವರಿಗೆ ತೋರಿಸದೆ ಸಿಡಿಸಬೇಡಿ. ಮಳೆಗಾಲದಲ್ಲಿ ಮುಂಭಾಗದ ಕಟ್ಟಿಗೆ ಉಬ್ಬಿ ನಳಿಗೆಯನ್ನು ಒತ್ತುತ್ತದೆ. ಬೇಸಿಗೆಯಲ್ಲಿ ನೇರ ಹೊಡೆದದ್ದು ಶ್ರಾವಣಕ್ಕೆ ಪಕ್ಕಕ್ಕೆ ಸರಿಯುತ್ತದೆ. ಬೈಸಿಕೊಳ್ಳುವುದು ಮಾತ್ರ ರೈಫಲ್.

ನಿಜವಾದ ಖರ್ಚು ಕಾಡತೂಸಿನದು. ಲೈಸೆನ್ಸಿನಲ್ಲಿ ಬರೆದಷ್ಟೇ ಕೊಳ್ಳಬೇಕು, ಒಪ್ಪಿಗೆಯಿರುವ ರೇಂಜಿನಲ್ಲೇ ಹೊಡೆಯಬೇಕು. ಹಾಗಾಗಿ ಬಹಳ ಜನ ಡಬ್ಬಿ ಒಡೆಯದೆ ಕಪಾಟಿನಲ್ಲಿಟ್ಟು, ಹಂದಿ ಬಂದ ರಾತ್ರಿಯೇ ಗುರಿ ಕಲಿಯಲು ಹೊರಡುತ್ತಾರೆ. ಅದಕ್ಕಿಂತ ಅಪಾಯ ಇನ್ನೊಂದಿಲ್ಲ. 1972ರ ವನ್ಯಜೀವಿ ಕಾಯ್ದೆಯಂತೆ ಅರಣ್ಯ ಇಲಾಖೆಯ ಲಿಖಿತ ಅಪ್ಪಣೆ ಇಲ್ಲದೆ ಹಂದಿಗೂ ಹೊಡೆಯುವಂತಿಲ್ಲ. ಕೃಷ್ಣಮೃಗದ ಕಡೆಗಂತೂ ನಳಿಗೆ ತಿರುಗಿಸಲೇಬೇಡಿ.

ಚುನಾವಣೆಗೆ ಠಾಣೆಯಲ್ಲಿ ಠೇವಣಿ ಇಟ್ಟ ರೈಫಲ್ ವಾಪಸು ಬಂದಾಗ ಮೊದಲು ಎಣ್ಣೆ ಅರಿವೆ, ಆಮೇಲೆ ರೇಂಜು, ಹೊಲ ಕಡೆಗೆ.